ಮಾತ್ರೆ ಕೌಂಟರಿಗೆ ನಾಲ್ಕೂವರೆ, ಆಪರೇಷನ್ ಥಿಯೇಟರಿಗೆ ಒಂದೂವರೆ: ಕರ್ನಾಟಕದ ಎಚ್‌ಐವಿ ಚಿಕಿತ್ಸಾ ಸೇವೆಯ ವಿಮರ್ಶೆ

ಎಚ್‌ಐವಿ ಜೊತೆ ಬದುಕುವವರಿಗೆ ಕರ್ನಾಟಕದಲ್ಲಿ ಸಿಗುವ ವೈದ್ಯಕೀಯ ಸೇವೆಗೆ ಒಟ್ಟಾರೆ ಒಂದೇ ಅಂಕ ಕೊಟ್ಟರೆ ಅದು ಸುಳ್ಳಾಗುತ್ತದೆ. ವೈರಸ್ಸನ್ನು ಹತೋಟಿಯಲ್ಲಿಡುವ ವ್ಯವಸ್ಥೆಯೇ ಬೇರೆ. ಅದೇ ವ್ಯಕ್ತಿಯ ಹರ್ನಿಯಾ, ಹುಳುಕು ಹಲ್ಲು, ಮುರಿದ ಕಾಲು, ಕಣ್ಣಿನ ಪೊರೆ ನೋಡಬೇಕಾದ ವ್ಯವಸ್ಥೆಯೇ ಬೇರೆ. ಮೊದಲನೆಯದು ಉಚಿತ, ಬಹುಮಟ್ಟಿಗೆ ಅಚ್ಚುಕಟ್ಟು. ಎರಡನೆಯದರಲ್ಲಿ ಫೈಲಿನ ಮೇಲೆ ‘ರಿಯಾಕ್ಟಿವ್’, ಅಂದರೆ ಪರೀಕ್ಷೆಯಲ್ಲಿ ಎಚ್‌ಐವಿಯ ಸುಳಿವು ಕಂಡಿದೆ, ಎಂದು ಬಿತ್ತೆಂದರೆ ಅಲ್ಲಿಯವರೆಗೆ ಇದ್ದ ಹಾಸಿಗೆ ಇಲ್ಲವಾಗುತ್ತದೆ, ಅರಿವಳಿಕೆ ವೈದ್ಯರು ರಜೆ ಹಾಕುತ್ತಾರೆ, ಯಂತ್ರ ಕೆಡುತ್ತದೆ. ಹಾಗಾಗಿ ಇಲ್ಲಿ ಕೌಂಟರಿಗೊಂದು ಅಂಕ, ಐದಕ್ಕೆ ಇಷ್ಟು ಎಂದು.

ಪರೀಕ್ಷೆ: ಐದಕ್ಕೆ ನಾಲ್ಕು

ಜಿಲ್ಲಾಸ್ಪತ್ರೆ, ತಾಲ್ಲೂಕು ಆಸ್ಪತ್ರೆಗಳಲ್ಲಿರುವ ಐಸಿಟಿಸಿ, ಅಂದರೆ ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಕ್ಕೆ ಯಾರ ಚೀಟಿಯೂ ಇಲ್ಲದೆ ನೇರ ಹೋಗಬಹುದು. ಕ್ರಮ ಹೀಗೆ: ಮೊದಲು ಸಮಾಲೋಚಕರ ಜೊತೆ ಮಾತು, ಒಪ್ಪಿಗೆ, ಆಮೇಲೆ ರಕ್ತ. ಮೊದಲ ಕಿಟ್‌ನಲ್ಲಿ ಏನೂ ಕಾಣದಿದ್ದರೆ ಅಲ್ಲಿಗೆ ನೆಗೆಟಿವ್. ಕಂಡರೆ ಬೇರೆ ತತ್ವದ ಮೇಲೆ ಕೆಲಸ ಮಾಡುವ ಇನ್ನೆರಡು ಕಿಟ್‌ಗಳಲ್ಲಿ ಅದೇ ರಕ್ತವನ್ನು ನೋಡುತ್ತಾರೆ. ಮೂರೂ ರಿಯಾಕ್ಟಿವ್ ಬಂದರೆ ಮಾತ್ರ ಪಾಸಿಟಿವ್ ಎಂದು ಬರೆಯುತ್ತಾರೆ. ಫಲಿತಾಂಶವನ್ನು ಸಂಬಂಧಪಟ್ಟವರ ಕೈಗೇ ಕೊಡುವುದು, ಜೊತೆಗೆ ಬಂದವರ ಕೈಗಲ್ಲ. ಹಣ ಕೊಡಬೇಕಿಲ್ಲ.

ಖಾಸಗಿ ಲ್ಯಾಬಿನಲ್ಲಿ ಕೆಡುವುದು ಇಲ್ಲೇ. ಆಪರೇಷನ್‌ಗೆ ಮುಂಚೆ ‘ಟ್ರೈಡಾಟ್’ ಎಂದೋ ‘ವೈರಲ್ ಮಾರ್ಕರ್ಸ್’ ಎಂದೋ ಬರೆದು ಒಂದೇ ಕಿಟ್‌ನಲ್ಲಿ ನೋಡುತ್ತಾರೆ, ಬಂದ ಫಲಿತಾಂಶವನ್ನು ಫೋನಿನಲ್ಲಿ ವಾರ್ಡಿಗೆ ಹೇಳುತ್ತಾರೆ, ವಾರ್ಡಿನವರು ರೋಗಿಯ ಅಣ್ಣನಿಗೆ ಹೇಳುತ್ತಾರೆ. ರೋಗಿಗೆ ಕೊನೆಗೆ ಗೊತ್ತಾಗುತ್ತದೆ. ಒಂದು ಕಿಟ್‌ನ ರಿಯಾಕ್ಟಿವ್ ರೋಗನಿರ್ಣಯವಲ್ಲ. ಅದನ್ನು ಹಿಡಿದುಕೊಂಡು ಐಸಿಟಿಸಿಗೆ ಹೋಗಿ ಖಚಿತಪಡಿಸಿಕೊಳ್ಳಲೇಬೇಕು. ದಾಖಲಾಗುವಾಗ ಹತ್ತು ಕಾಗದಗಳ ನಡುವೆ ಹಾಕಿಸಿಕೊಂಡ ಸಹಿಯೂ ಈ ಪರೀಕ್ಷೆಗೆ ಒಪ್ಪಿಗೆ ಆಗುವುದಿಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಸೆಕ್ಷನ್ 5 ಕೇಳುವುದು ತಿಳಿವಳಿಕೆ ಕೊಟ್ಟು ಪಡೆದ ಒಪ್ಪಿಗೆಯನ್ನು.

ಒಂದೂವರೆ ವರ್ಷದೊಳಗಿನ ಮಗುವಿಗೆ ಈ ಕಿಟ್‌ಗಳು ಉಪಯೋಗವಿಲ್ಲ. ತಾಯಿಯ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ ಇರುತ್ತವಾದ್ದರಿಂದ ಸೋಂಕಿಲ್ಲದ ಮಗುವೂ ರಿಯಾಕ್ಟಿವ್ ಬರಬಹುದು. ಅದಕ್ಕೆ ಬೇರೆ ಪರೀಕ್ಷೆ ಇದೆ. ಹೆರಿಗೆಯ ಭಾಗದಲ್ಲಿ ಬರುತ್ತದೆ.

ಒಂದು ಅಂಕ ಕಡಿತ ಎಲ್ಲಿ? ಬಾಗಿಲಿನಲ್ಲಿ. ಕೆಲವು ಆಸ್ಪತ್ರೆಗಳಲ್ಲಿ ಕೇಂದ್ರದ ಬಾಗಿಲು ಮುಖ್ಯ ಓಣಿಗೇ ತೆರೆದಿರುತ್ತದೆ, ಹೊರಗಿನ ಬೆಂಚಿನಲ್ಲಿ ಕೂತವರು ಯಾಕೆ ಕೂತಿದ್ದಾರೆಂದು ಇಡೀ ಓಪಿಡಿಗೆ ತಿಳಿಯುತ್ತದೆ. ಒಳಗಿನ ಗುಟ್ಟನ್ನು ಅಷ್ಟು ಜೋಪಾನ ಮಾಡಿ ಹೊರಗೆ ಬೆಂಚು ಹಾಕಿದರೆ ಏನು ಬಂತು?

ಎಆರ್‌ಟಿ ಕೇಂದ್ರ: ಐದಕ್ಕೆ ನಾಲ್ಕೂವರೆ

ಎಆರ್‌ಟಿ ಅಂದರೆ ವೈರಸ್ಸನ್ನು ಹತೋಟಿಯಲ್ಲಿಡುವ ಮಾತ್ರೆಗಳ ಚಿಕಿತ್ಸೆ. ಅದು ದೇಶದಲ್ಲಿ ಉಚಿತವಾಗಿ ಶುರುವಾದದ್ದು 2004ರ ಏಪ್ರಿಲ್ 1ರಂದು, ಎಂಟು ಆಸ್ಪತ್ರೆಗಳಲ್ಲಿ. ಬೆಂಗಳೂರಿನ ಬೌರಿಂಗ್ ಆಸ್ಪತ್ರೆ ಅವುಗಳಲ್ಲೊಂದು. ಆಗ ಸಿಡಿ4 ಕೌಂಟ್, ಅಂದರೆ ರಕ್ತದಲ್ಲಿನ ರೋಗನಿರೋಧಕ ಕಣಗಳ ಲೆಕ್ಕ, ಇಷ್ಟಕ್ಕಿಂತ ಕೆಳಗಿಳಿದರೆ ಮಾತ್ರ ಮಾತ್ರೆ ಎಂಬ ನಿಯಮವಿತ್ತು. 2017ರ ಏಪ್ರಿಲ್ ಕೊನೆಯಲ್ಲಿ ಅದು ಹೋಯಿತು; ಈಗ ಪಾಸಿಟಿವ್ ಎಂದು ಖಚಿತವಾದ ಎಲ್ಲರಿಗೂ, ಕೌಂಟ್ ಎಷ್ಟೇ ಇರಲಿ, ಚಿಕಿತ್ಸೆ. ಟಿಬಿ ಅಥವಾ ಮೆದುಳಿನ ಪೊರೆಯ ಸೋಂಕಿನ ಗುಮಾನಿ ಇಲ್ಲದಿದ್ದರೆ ಅದೇ ದಿನ ಅಥವಾ ಒಂದು ವಾರದೊಳಗೆ ಮಾತ್ರೆ ಕೈಗೆ ಬರಬೇಕು. ಜ್ವರ, ಕೆಮ್ಮು, ರಾತ್ರಿ ಬೆವರು, ತೂಕ ಇಳಿಕೆ ಇವುಗಳನ್ನು ಪ್ರತಿ ಭೇಟಿಯಲ್ಲೂ ಕೇಳುವುದು ಟಿಬಿಗಾಗಿ. ‘ಪ್ರತಿಸಲ ಅದನ್ನೇ ಕೇಳ್ತಾರೆ’ ಎಂದು ಬೇಸರಪಡದೆ ಸರಿಯಾಗಿ ಉತ್ತರಿಸಿ.

ಈಗ ಬಹುಪಾಲು ವಯಸ್ಕರಿಗೆ ಕೊಡುವುದು ಟಿಎಲ್‌ಡಿ: ಟೆನೊಫೊವಿರ್ 300 ಮಿಗ್ರಾಂ, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50, ಮೂರೂ ಒಂದೇ ಮಾತ್ರೆಯಲ್ಲಿ. ದಿನಕ್ಕೊಂದು, ಊಟಕ್ಕೆ ಮುಂಚೆ ಅಥವಾ ನಂತರ ಎಂಬ ಕಟ್ಟುಪಾಡಿಲ್ಲ. ಹಳೆಯ ಎಫಾವಿರೆಂಜ್ ಮಾತ್ರೆ ನುಂಗಿ ರಾತ್ರಿಯಿಡೀ ತಲೆಸುತ್ತು, ಕೆಟ್ಟ ಕನಸು ಅನುಭವಿಸಿದವರಿಗೆ ಇದರ ಬೆಲೆ ಗೊತ್ತು. ಟಿಎಲ್‌ಡಿಯಿಂದಲೂ ಕೆಲವರಿಗೆ ನಿದ್ದೆ ಕಡಿಮೆಯಾಗುತ್ತದೆ. ಅಂಥವರು ರಾತ್ರಿಯ ಬದಲು ಬೆಳಗ್ಗೆ ತೆಗೆದುಕೊಂಡರೆ ಸಾಕಾಗುತ್ತದೆ. ತೂಕ ಏರುವುದೂ ಉಂಟು. ಟೆನೊಫೊವಿರ್ ಇರುವುದರಿಂದ ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಪರೀಕ್ಷೆ ತಪ್ಪಿಸಬಾರದು.

ಮಾತ್ರೆ ಚೀಟಿಯಲ್ಲಿ ಬರೆಯದೆ ಬಿಟ್ಟುಹೋಗುವ ಮೂರು ಸಂಗತಿಗಳಿವೆ, ಹೊರಗಿನ ಡಾಕ್ಟರು ಬೇರೆ ಮಾತ್ರೆ ಬರೆದಾಗ ತೊಂದರೆಯಾಗುವುದು ಇವುಗಳಿಂದಲೇ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಎದೆಯುರಿಗೆ ಕುಡಿಯುವ ಬಿಳಿ ಆಂಟಾಸಿಡ್ ಔಷಧ, ಇವು ಡೊಲುಟೆಗ್ರಾವಿರನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಬಿಡುತ್ತವೆ, ರಕ್ತಕ್ಕೆ ಸೇರಲು ಬಿಡುವುದಿಲ್ಲ. ಎಆರ್‌ಟಿ ಮಾತ್ರೆಯನ್ನು ಇವುಗಳಿಗಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ನುಂಗಬೇಕು. ಕ್ಯಾಲ್ಸಿಯಂ ಮತ್ತು ಕಬ್ಬಿಣವನ್ನು ಊಟದ ಜೊತೆಯಾದರೆ ಒಟ್ಟಿಗೇ ತೆಗೆದುಕೊಳ್ಳಬಹುದು. ಆಂಟಾಸಿಡ್‌ಗೆ ಈ ರಿಯಾಯಿತಿ ಇಲ್ಲ. ಎರಡನೆಯದು ಮೆಟ್‌ಫಾರ್ಮಿನ್: ಡೊಲುಟೆಗ್ರಾವಿರ್ ಅದರ ಮಟ್ಟವನ್ನು ರಕ್ತದಲ್ಲಿ ಏರಿಸುವುದರಿಂದ ದಿನಕ್ಕೆ 1000 ಮಿಗ್ರಾಂ ದಾಟದಂತೆ ನೋಡಿಕೊಳ್ಳುತ್ತಾರೆ. ಸಕ್ಕರೆ ಕಾಯಿಲೆ ನೋಡುವ ಡಾಕ್ಟರಿಗೆ ಇದು ತಿಳಿದಿರಲೇಬೇಕು. ಮೂರನೆಯದು ಟಿಬಿ ಚಿಕಿತ್ಸೆಯ ರಿಫಾಂಪಿಸಿನ್. ಅದು ಡೊಲುಟೆಗ್ರಾವಿರನ್ನು ಬೇಗ ಕರಗಿಸಿಬಿಡುತ್ತದೆ, ಆದ್ದರಿಂದ ಟಿಎಲ್‌ಡಿ ತೆಗೆದುಕೊಂಡ 12 ಗಂಟೆಗೆ ಇನ್ನೊಂದು 50 ಮಿಗ್ರಾಂ ಡೊಲುಟೆಗ್ರಾವಿರ್ ಸೇರಿಸುತ್ತಾರೆ. ಖಾಸಗಿಯಲ್ಲಿ ಟಿಬಿ ಚಿಕಿತ್ಸೆ, ಸರಕಾರಿಯಲ್ಲಿ ಎಆರ್‌ಟಿ, ಒಂದು ಕಡೆಯ ವಿಷಯ ಇನ್ನೊಂದು ಕಡೆಯ ಡಾಕ್ಟರಿಗೆ ಹೇಳಿಲ್ಲ ಎಂದಾದರೆ ಈ ಎರಡನೇ ಡೋಸು ಬಿಟ್ಟೇಹೋಗುತ್ತದೆ. ಭೇದಭಾವದ ಭಯಕ್ಕೆ ಗುಟ್ಟು ಮಾಡಿದ್ದು ಹೀಗೆ ಔಷಧದಲ್ಲೇ ಎಡವಟ್ಟಾಗಿ ಕೂರುತ್ತದೆ.

ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ಅಳೆಯುವ ವೈರಲ್ ಲೋಡ್ ಪರೀಕ್ಷೆಯೂ ಉಚಿತ: ಚಿಕಿತ್ಸೆ ಶುರುವಾದ 6 ತಿಂಗಳಿಗೆ, 12 ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ. ವರದಿಯಲ್ಲಿ ‘ಟಾರ್ಗೆಟ್ ನಾಟ್ ಡಿಟೆಕ್ಟೆಡ್’ ಎಂದು ಬಂದಿದ್ದರೆ ಅದರ ಜೆರಾಕ್ಸ್ ತೆಗೆಸಿ ಎಆರ್‌ಟಿ ಕೇಂದ್ರ ಕೊಟ್ಟ ಹಸಿರು ಚಿಕಿತ್ಸಾ ಪುಸ್ತಕದೊಳಗೆ ಇಟ್ಟುಕೊಳ್ಳಿ. ಮುಂದೆ ಆಪರೇಷನ್ ಕೋಣೆಯ ಎದುರು ಉಪಯೋಗಕ್ಕೆ ಬರುವ ಕಾಗದ ಅದೇ. ವೈರಸ್ ಪತ್ತೆಯಾಗದಷ್ಟು ಇಳಿದಿರುವವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ ಎಂಬುದು ಈಗ ವಾದದ ವಿಷಯವಾಗಿ ಉಳಿದಿಲ್ಲ. ಲೋಡ್ 1000ಕ್ಕಿಂತ ಮೇಲಿದ್ದರೆ ತಕ್ಷಣ ಮಾತ್ರೆ ಬದಲಿಸುವುದಿಲ್ಲ. ಮೊದಲು ಎಷ್ಟು ಡೋಸು ತಪ್ಪಿತು, ಯಾಕೆ ತಪ್ಪಿತು ಎಂದು ಸಮಾಲೋಚಕರು ಕೂರಿಸಿ ಕೇಳುತ್ತಾರೆ, ಆಮೇಲೆ ಮತ್ತೆ ಪರೀಕ್ಷೆ. ಇದನ್ನು ಬೈಗುಳ ಎಂದುಕೊಂಡು ಕೇಂದ್ರಕ್ಕೆ ಬರುವುದನ್ನೇ ಬಿಡುವವರಿದ್ದಾರೆ.

ಮಾತ್ರೆ ಸರಿಯಾಗಿ ಹೊಂದಿಕೊಂಡು ಸ್ಥಿರವಾಗಿರುವವರಿಗೆ ಒಮ್ಮೆಗೆ ಮೂರು ತಿಂಗಳದು ಕೊಡುವ ಪದ್ಧತಿ ಇದೆ, ಕೋವಿಡ್ ಕಾಲದಲ್ಲಿ ಇದು ಗಟ್ಟಿಯಾಯಿತು. ತಾಲ್ಲೂಕು ಮಟ್ಟದ ಲಿಂಕ್ ಎಆರ್‌ಟಿ ಕೇಂದ್ರದಲ್ಲೂ ಮಾತ್ರೆ ಸಿಗುತ್ತದೆ. ಆದರೂ ತಾಲ್ಲೂಕು ಆಸ್ಪತ್ರೆ ಬಿಟ್ಟು ಎರಡು ಜಿಲ್ಲೆ ದಾಟಿ ಹೋಗಿ ತರುವವರು ಕಡಿಮೆಯಿಲ್ಲ. ತಾಲ್ಲೂಕಿನ ಕಾಂಪೌಂಡರು ಪರಿಚಯದವರು ಅನ್ನುವುದೇ ಕಾರಣ. ಹಾಗೆ ಹೋಗುವುದು ತಪ್ಪಲ್ಲ, ಕೇಂದ್ರವನ್ನು ಆರಿಸಿಕೊಳ್ಳುವ ಹಕ್ಕಿದೆ. ಬಸ್ ಚಾರ್ಜು, ಒಂದು ದಿನದ ಕೂಲಿ ಎರಡೂ ಹೋಗುತ್ತವೆ ಎಂಬುದು ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ. ಮುಂಬಯಿಗೋ ಗೋವಾಕ್ಕೋ ದುಡಿಯಲು ಹೋಗುವ ಉತ್ತರ ಕರ್ನಾಟಕದವರು ಹೊರಡುವ ಮುನ್ನ ‘ಟ್ರಾನ್ಸ್‌ಫರ್ ಔಟ್’ ಕಾಗದ ಮಾಡಿಸಿಕೊಳ್ಳಬೇಕು. ಸ್ವಲ್ಪ ದಿನಕ್ಕಾದರೆ ಹಸಿರು ಪುಸ್ತಕ ತೋರಿಸಿ ಅಲ್ಲಿನ ಕೇಂದ್ರದಲ್ಲೇ ಮಾತ್ರೆ ಕೇಳಬಹುದು. ಪುಸ್ತಕ ಕಳೆದರೆ ನೋಂದಣಿ ಸಂಖ್ಯೆ ಸಾಕಾಗುತ್ತದೆ, ಅದನ್ನು ಫೋನಿನಲ್ಲಿ ಬೇರೆ ಹೆಸರಿನಡಿ ಬರೆದಿಟ್ಟುಕೊಳ್ಳಿ.

ಉಳಿದ ಅರ್ಧ ಅಂಕ ಹೋದದ್ದು ದಾಸ್ತಾನಿಗೆ. 2022ರಲ್ಲಿ ಡೊಲುಟೆಗ್ರಾವಿರ್ ಕೊರತೆಯಾಗಿ ದೆಹಲಿಯಲ್ಲಿ ನ್ಯಾಕೋ, ಅಂದರೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಕಚೇರಿಯೆದುರು ಸೋಂಕಿತರು ಒಂದು ತಿಂಗಳಿಗೂ ಹೆಚ್ಚು ಕಾಲ ಧರಣಿ ಕೂತರು. ಅಂಥ ಹೊತ್ತಿನಲ್ಲಿ ಕೇಂದ್ರಗಳು ಮೂರು ತಿಂಗಳ ಬದಲು ವಾರಕ್ಕೋ ಹತ್ತು ದಿನಕ್ಕೋ ಎಣಿಸಿ ಕೊಡಲು ಶುರುಮಾಡುತ್ತವೆ. ಕೈಯಲ್ಲಿ ಯಾವಾಗಲೂ ಹದಿನೈದು ದಿನದ ಮಾತ್ರೆ ಮಿಕ್ಕಿರುವಂತೆ ತಾರೀಖು ಹೊಂದಿಸಿಕೊಳ್ಳುವುದು ಜಾಣತನ.

ಅದೇ ಆಸ್ಪತ್ರೆಯ ಉಳಿದ ವಿಭಾಗಗಳು: ಐದಕ್ಕೆ ಒಂದೂವರೆ

ಎಆರ್‌ಟಿ ಕೇಂದ್ರದಿಂದ ಶಸ್ತ್ರಚಿಕಿತ್ಸೆ ವಿಭಾಗಕ್ಕೆ ಒಂದೇ ಕಾಂಪೌಂಡಿನೊಳಗೆ ನಡೆದುಹೋಗಬಹುದು. ನಡೆದುಹೋಗುವಷ್ಟರಲ್ಲಿ ನಡವಳಿಕೆ ಬದಲಾಗುತ್ತದೆ. ‘ಬರಬೇಡಿ’ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದು ಕಾನೂನಿಗೆ ವಿರುದ್ಧ ಎಂದು ಎಲ್ಲರಿಗೂ ಗೊತ್ತು. ಬದಲಿಗೆ ತಾರೀಖು ಮುಂದಕ್ಕೆ ಹೋಗುತ್ತದೆ. ಮೂರು ಸಲ ಮುಂದಕ್ಕೆ ಹೋದ ಮೇಲೆ ‘ದೊಡ್ಡಾಸ್ಪತ್ರೆಗೆ ಹೋಗಿ, ಅಲ್ಲಿ ಸೌಲಭ್ಯ ಇದೆ’ ಎಂಬ ಚೀಟಿ. ಹರ್ನಿಯಾಕ್ಕೆ ಯಾವ ವಿಶೇಷ ಸೌಲಭ್ಯ ಬೇಕು ಎಂದು ಆ ಚೀಟಿಯಲ್ಲಿ ಬರೆದಿರುವುದಿಲ್ಲ.

ಒಳಗೆ ಸೇರಿಸಿಕೊಂಡರೂ ಹಾಸಿಗೆಯ ತಲೆಯ ಹತ್ತಿರ ಬಣ್ಣದ ಸ್ಟಿಕ್ಕರು, ಕೇಸ್ ಶೀಟಿನ ಮೇಲೆ ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಬರೆದ ಅಕ್ಷರ, ನರ್ಸುಗಳ ನಡುವೆ ‘ರೆಟ್ರೋ ಕೇಸು’ ಎಂಬ ಸಂಕೇತ. ಪಕ್ಕದ ಹಾಸಿಗೆಯವರು ಸಂಜೆಯೊಳಗೆ ಅದರ ಅರ್ಥ ಕೇಳಿ ತಿಳಿದಿರುತ್ತಾರೆ. ಚಿಕಿತ್ಸೆಯಲ್ಲಿ ನೇರ ಭಾಗಿಯಾದ ವೈದ್ಯ ಸಿಬ್ಬಂದಿ ಮಾಹಿತಿ ಹಂಚಿಕೊಳ್ಳಬಹುದು, ಅದಕ್ಕೆ ಕಾಯ್ದೆಯ ಅಡ್ಡಿಯಿಲ್ಲ. ಊಟ ತರುವವರಿಗೆ, ಗಾಲಿಕುರ್ಚಿ ತಳ್ಳುವವರಿಗೆ, ನೋಡಲು ಬಂದ ನೆಂಟರಿಗೆ ಕಾಣುವಂತೆ ಅಂಟಿಸುವುದಕ್ಕೆ ಅಡ್ಡಿಯಿದೆ.

ಥಿಯೇಟರಿನಲ್ಲಿ ದಿನದ ಕೊನೆಯ ಸರದಿ ಕೊಡುವುದು ಮತ್ತೊಂದು ವಾಡಿಕೆ. ‘ಆಮೇಲೆ ಥಿಯೇಟರ್ ತೊಳೀಬೇಕಲ್ಲ’ ಅನ್ನುತ್ತಾರೆ. ಹಾಗಾದರೆ ಮೊದಲಿನ ಐದು ಆಪರೇಷನ್‌ಗಳ ನಡುವೆ ತೊಳೆಯಲಿಲ್ಲವೆ? ಎಚ್‌ಐವಿ ದೇಹದ ಹೊರಗೆ ಬಹಳ ದುರ್ಬಲ ವೈರಸ್ಸು. 121 ಡಿಗ್ರಿಯಲ್ಲಿ ಆಟೋಕ್ಲೇವ್ ಮಾಡಿದ ಸಲಕರಣೆಯಲ್ಲಿ ಅದು ಉಳಿಯುವುದಿಲ್ಲ, ಚೆಲ್ಲಿದ ರಕ್ತದ ಮೇಲೆ ಹಾಕುವ 1% ಹೈಪೊಕ್ಲೋರೈಟ್ ದ್ರಾವಣದಲ್ಲೂ ಉಳಿಯುವುದಿಲ್ಲ. ಎಲ್ಲ ರೋಗಿಗಳಿಗೂ ಮಾಡಬೇಕಾದ ಶುಚಿತ್ವಕ್ಕಿಂತ ಒಂದು ಹೆಜ್ಜೆಯೂ ಹೆಚ್ಚು ಬೇಕಿಲ್ಲ. ಬೆಳಗಿನ ಸರದಿಗೆಂದು ರಾತ್ರಿಯಿಂದ ಉಪವಾಸವಿಟ್ಟು ಮಧ್ಯಾಹ್ನ ನಾಲ್ಕಕ್ಕೆ ‘ಇವತ್ತಾಗಲ್ಲ’ ಅನ್ನುವುದು ಈ ಕೊನೆಯ ಸರದಿಯ ಇನ್ನೊಂದು ಮುಖ.

ಭಯದ ಮೂಲ ಸೂಜಿ ಚುಚ್ಚುವುದರಲ್ಲಿದೆ, ಅದನ್ನು ಹಗುರ ಮಾಡಿ ಮಾತಾಡುವುದು ಸರಿಯಲ್ಲ. ಲೆಕ್ಕ ಹೀಗಿದೆ: ಚಿಕಿತ್ಸೆ ಪಡೆಯದ ಸೋಂಕಿತರ ರಕ್ತವಿದ್ದ ಸೂಜಿ ಸಾವಿರ ಸಲ ಚುಚ್ಚಿದರೆ ಸುಮಾರು 3 ಸಲ ಸೋಂಕು ತಗಲಬಹುದು, ಅಂದರೆ 0.3%. ಲಸಿಕೆ ಹಾಕಿಸಿಕೊಳ್ಳದ ಸಿಬ್ಬಂದಿಗೆ ಹೆಪಟೈಟಿಸ್ ಬಿ ತಗಲುವ ಸಂಭವ 6ರಿಂದ 30%. ಹೆಪಟೈಟಿಸ್ ಬಿ ರೋಗಿಯನ್ನು ಕಂಡರೆ ಇಷ್ಟು ಗಲಾಟೆ ಆಗುವುದಿಲ್ಲ, ಬಹಳ ಸಿಬ್ಬಂದಿ ಆ ಲಸಿಕೆಯ ಮೂರು ಡೋಸೂ ಪೂರ್ತಿ ಮಾಡಿರುವುದಿಲ್ಲ. ಇನ್ನು ರೋಗಿ ಎಆರ್‌ಟಿಯಲ್ಲಿದ್ದು ವೈರಲ್ ಲೋಡ್ ಪತ್ತೆಯಾಗದಷ್ಟಿದ್ದರೆ ಆ 0.3% ಕೂಡ ಇನ್ನೂ ಎಷ್ಟೋ ಕೆಳಗಿಳಿಯುತ್ತದೆ.

ಆಪರೇಷನ್‌ಗೆ ಮುಂಚಿನ ಪರೀಕ್ಷೆ ಸಿಬ್ಬಂದಿಯನ್ನು ಕಾಯುತ್ತದೆ ಎಂಬ ನಂಬಿಕೆಯಲ್ಲೇ ದೊಡ್ಡ ತೂತಿದೆ. ಇತ್ತೀಚೆಗೆ ಸೋಂಕು ತಗಲಿದವರ ರಕ್ತದಲ್ಲಿ ಪ್ರತಿಕಾಯ ಕಾಣಲು ವಾರಗಳು, ಕೆಲವರಲ್ಲಿ ಮೂರು ತಿಂಗಳವರೆಗೂ ಬೇಕು. ವೈರಸ್ ರಕ್ತದಲ್ಲಿ ತುಂಬಿ ತುಳುಕುವುದೂ ಆ ಹೊತ್ತಿನಲ್ಲೇ. ಅಂದರೆ ಕಿಟ್ ‘ನೆಗೆಟಿವ್’ ಎಂದು ಹಸಿರು ನಿಶಾನೆ ತೋರಿಸಿದ ರೋಗಿಯೇ ನಿಜವಾಗಿ ಅಪಾಯದವನಿರಬಹುದು, ಸಿಬ್ಬಂದಿ ಅವನ ಮುಂದೆ ಒಂದೇ ಜೊತೆ ಗ್ಲೌಸ್ ಹಾಕಿ ನಿಂತಿರುತ್ತಾರೆ. ‘ರೆಟ್ರೋ ಕೇಸು’ ಎಂದು ದೂರವಿಟ್ಟವರು ಹತ್ತು ವರ್ಷದಿಂದ ಮಾತ್ರೆ ನುಂಗುತ್ತ ಲೋಡ್ ಸೊನ್ನೆ ಮಾಡಿಕೊಂಡವರಾಗಿರುತ್ತಾರೆ. ಹಾಗಾಗಿಯೇ ನಿಯಮ ‘ಎಲ್ಲ ರೋಗಿಗೂ ಎಲ್ಲ ಸಲವೂ ಒಂದೇ ಎಚ್ಚರಿಕೆ’ ಎಂದಿರುವುದು: ಗ್ಲೌಸ್, ಮಾಸ್ಕ್, ರಕ್ತ ಚಿಮ್ಮುವ ಕಡೆ ಕನ್ನಡಕ, ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕದೆ ನೇರ ಬಿಳಿ ಡಬ್ಬಕ್ಕೆ.

ಚುಚ್ಚಿಯೇ ಬಿಟ್ಟರೆ? ಸೋಪು ನೀರಿನಲ್ಲಿ ತೊಳೆಯಬೇಕು, ಹಿಂಡಬಾರದು, ಸ್ಪಿರಿಟ್ ಹಚ್ಚಿ ಉಜ್ಜಬಾರದು. ಕಣ್ಣಿಗೆ ಚಿಮ್ಮಿದ್ದರೆ ನೀರು ಅಥವಾ ಸಲೈನ್. ಸೋಂಕು ತಗಲದಂತೆ ತಡೆಯುವ ಪಿಇಪಿ ಮಾತ್ರೆಯ ಮೊದಲ ಡೋಸು ಆದಷ್ಟೂ 2 ಗಂಟೆಯೊಳಗೆ, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಅದೂ ಟಿಎಲ್‌ಡಿ ಮಾತ್ರೆಯೇ, ದಿನಕ್ಕೊಂದರಂತೆ 28 ದಿನ, ನಡುವೆ ಬಿಡುವಂತಿಲ್ಲ. ಈ ಮಾತ್ರೆ, ಈ ತರಬೇತಿ, ಈ ರಕ್ಷಣಾ ಸಾಮಗ್ರಿ ಕೊಡುವುದು ಕಾಯ್ದೆಯ ಸೆಕ್ಷನ್ 19ರ ಪ್ರಕಾರ ಆಸ್ಪತ್ರೆಯ ಹೊಣೆ. ರಾತ್ರಿ ಪಾಳಿಯ ನರ್ಸಿಗೆ ಪಿಇಪಿ ಡಬ್ಬ ಯಾವ ಬೀರುವಿನಲ್ಲಿದೆ, ಬೀಗದ ಕೈ ಯಾರ ಹತ್ತಿರ ಎಂದು ಗೊತ್ತಿಲ್ಲದ ಆಸ್ಪತ್ರೆಯಲ್ಲಿ ಆಕೆ ರೋಗಿಯನ್ನು ಕಂಡು ಹೆದರಿದರೆ ಆಕೆಯೊಬ್ಬಳನ್ನೇ ದೂರಲಾಗದು. ಆಡಳಿತ ತನ್ನ ಕೆಲಸ ಮಾಡದೆ ಉಳಿಸಿದ ದುಡ್ಡಿನ ಬೆಲೆಯನ್ನು ತೆರುವವರು ಇಬ್ಬರು: ಆಕೆ, ಮತ್ತು ರೋಗಿ.

ಖಾಸಗಿ ಬಿಲ್ಲಿನಲ್ಲಿ ‘ಎಚ್‌ಐವಿ ಕಿಟ್’ ಎಂಬ ಸಾಲು ಕಂಡರೆ ನಿಂತು ಕೇಳಿ. ಬಿಸಾಡುವ ಗೌನು, ಟೊಪ್ಪಿಗೆ, ಶೂ ಕವರ್, ಕನ್ನಡಕ, ಎರಡು ಜೊತೆ ಗ್ಲೌಸು ಸೇರಿಸಿ ಪೊಟ್ಟಣ ಕಟ್ಟಿರುತ್ತಾರೆ, ಕೆಲವರು ಒಂದಲ್ಲ ನಾಲ್ಕು ಕಿಟ್ ಲೆಕ್ಕ ಹಾಕುತ್ತಾರೆ. ಬೇರೆಯವರಿಗೆ ಹಾಕದ ಈ ಶುಲ್ಕವನ್ನು ಸೋಂಕಿತರಿಗೆ ಮಾತ್ರ ಹಾಕುವುದು ಸೆಕ್ಷನ್ 3 ಹೇಳುವ ಅನ್ಯಾಯದ ನಡವಳಿಕೆಯೇ. ದುಡ್ಡು ಕೊಡಲೇಬೇಕಾಗಿ ಬಂದರೂ ಐಟಂವಾರು ಬಿಲ್ ಪಡೆಯದೆ ಬರಬೇಡಿ.

ಹಲ್ಲು, ಎಂಡೋಸ್ಕೋಪಿ, ಡಯಾಲಿಸಿಸ್: ಐದಕ್ಕೆ ಒಂದು

ಹಲ್ಲಿನ ಕ್ಲಿನಿಕ್ಕುಗಳಲ್ಲಿ ಸೋಂಕಿತರು ಹೇಳದೇ ಹೋಗುವುದು ಮಾಮೂಲು, ಹೇಳಿದರೆ ‘ಮುಂದಿನ ವಾರ ಬನ್ನಿ’. ಕೊರೆಯುವ ಹ್ಯಾಂಡ್‌ಪೀಸನ್ನು ಪ್ರತಿ ರೋಗಿಯ ನಂತರ ಆಟೋಕ್ಲೇವ್ ಮಾಡುವ ಕ್ಲಿನಿಕ್ಕಿಗೆ ಎಚ್‌ಐವಿ ಸಮಸ್ಯೆಯೇ ಅಲ್ಲ. ಬರೀ ಸ್ಪಿರಿಟ್‌ನಲ್ಲಿ ಒರೆಸುವ ಕ್ಲಿನಿಕ್ಕಿಗೆ ಯಾರೂ ಹೋಗಬಾರದು, ಸೋಂಕಿಲ್ಲದವರಂತೂ ಹೋಗಲೇಬಾರದು. ಎಂಡೋಸ್ಕೋಪಿ ಕೊಳವೆಗೂ ಇದೇ ಮಾತು: ಚೆನ್ನಾಗಿ ತೊಳೆದು 2% ಗ್ಲುಟರಾಲ್ಡಿಹೈಡ್‌ನಲ್ಲಿ 20 ನಿಮಿಷ ಮುಳುಗಿಸಿಡುವುದು ಎಲ್ಲರಿಗೂ ಇರುವ ಕ್ರಮ.

ಡಯಾಲಿಸಿಸ್‌ನ ತಕರಾರು ಸ್ವಲ್ಪ ಬೇರೆ ತರಹದ್ದು. ಹೆಪಟೈಟಿಸ್ ಬಿ ಇದ್ದವರಿಗೆ ಪ್ರತ್ಯೇಕ ಯಂತ್ರ, ಪ್ರತ್ಯೇಕ ಕೋಣೆ ಬೇಕು ಎಂಬ ನಿಯಮ ನಿಜ. ಎಚ್‌ಐವಿಗೂ ಹಾಗೇ ಎಂದು ಅಂದುಕೊಂಡು ‘ನಮ್ಮಲ್ಲಿ ಪಾಸಿಟಿವ್ ಯಂತ್ರ ಇಲ್ಲ’ ಎಂದು ವಾಪಸ್ ಕಳಿಸುತ್ತಾರೆ. ಅಮೆರಿಕದ ಸಿಡಿಸಿ ಮಾರ್ಗಸೂಚಿ ಇದನ್ನು ಸ್ಪಷ್ಟವಾಗಿ ಬಿಡಿಸಿ ಹೇಳಿದೆ: ಎಚ್‌ಐವಿ ಇದ್ದವರಿಗೆ ಪ್ರತ್ಯೇಕ ಯಂತ್ರವಾಗಲಿ ಕೋಣೆಯಾಗಲಿ ಬೇಕಿಲ್ಲ. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಬೇಕಾದವರನ್ನು ಎಂಬತ್ತು ಕಿಲೋಮೀಟರ್ ದೂರದ ‘ಪಾಸಿಟಿವ್ ಯಂತ್ರ’ಕ್ಕೆ ಕಳಿಸುವುದೆಂದರೆ ತಿಂಗಳೊಳಗೆ ಅವರು ವಾರಕ್ಕೊಂದು ಸಲಕ್ಕೆ ಇಳಿಯುತ್ತಾರೆ.

ಹೆರಿಗೆ: ಸರಕಾರಿಯಲ್ಲಿ ನಾಲ್ಕು, ಖಾಸಗಿಯಲ್ಲಿ ಅದೃಷ್ಟ

ಬಸುರಿಯರ ವಿಷಯದಲ್ಲಿ ಕಾರ್ಯಕ್ರಮ ಚೆನ್ನಾಗಿ ಕೆಲಸ ಮಾಡಿದೆ. ಏನೂ ಮಾಡದೆ ಬಿಟ್ಟರೆ ತಾಯಿಯಿಂದ ಮಗುವಿಗೆ ಸೋಂಕು ಹೋಗುವ ಸಂಭವ 15ರಿಂದ 45%, ಚಿಕಿತ್ಸೆ ಸರಿಯಾಗಿ ನಡೆದರೆ 5%ಗಿಂತ ಕಡಿಮೆ. ಮೊದಲ ತಪಾಸಣೆಯಲ್ಲೇ ಪರೀಕ್ಷೆ, ಪಾಸಿಟಿವ್ ಆದರೆ ಅಂದೇ ಎಆರ್‌ಟಿ. ಎಚ್‌ಐವಿ ಇದೆ ಎಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಮಾಡುವ ಅಗತ್ಯ ರಾಷ್ಟ್ರೀಯ ಮಾರ್ಗಸೂಚಿಯಲ್ಲಿಲ್ಲ, ಹೆರಿಗೆಯದ್ದೇ ತೊಂದರೆ ಇದ್ದರೆ ಮಾತ್ರ. ಹುಟ್ಟಿದ ಮಗುವಿಗೆ ಆದಷ್ಟು ಬೇಗ ನೆವಿರಾಪಿನ್ ಸಿರಪ್: ತೂಕ 2.5 ಕೆಜಿಗಿಂತ ಹೆಚ್ಚಿದ್ದರೆ ದಿನಕ್ಕೊಮ್ಮೆ 15 ಮಿಗ್ರಾಂ, ಅಂದರೆ 1.5 ಎಂಎಲ್, ಕಡಿಮೆ ಇದ್ದರೆ ಡಾಕ್ಟರು ತೂಕ ನೋಡಿ ಇಳಿಸುತ್ತಾರೆ. ಕನಿಷ್ಠ 6 ವಾರ. ತಾಯಿಯ ವೈರಲ್ ಲೋಡ್ ಹೆಚ್ಚಿದ್ದರೆ ಎರಡು ಔಷಧ, ಅವಧಿಯೂ ಹೆಚ್ಚಾಗಬಹುದು. ಮಗುವಿಗೆ 6 ವಾರವಾದಾಗ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ಕಾಗದದ ಮೇಲೆ ತೆಗೆದು ವೈರಸ್ಸನ್ನೇ ನೇರ ಹುಡುಕುತ್ತಾರೆ, ಕೊನೆಯ ಖಚಿತ ಪರೀಕ್ಷೆ 18 ತಿಂಗಳಿಗೆ.

ಇಲ್ಲಿ ಎಡವುವುದು ಹಾಲಿನಲ್ಲಿ. ಮೊದಲ 6 ತಿಂಗಳು ಎದೆಹಾಲು ಮಾತ್ರ, ಇಲ್ಲವೇ ಪೂರ್ತಿ ಹೊರಗಿನ ಹಾಲು. ಎರಡನ್ನೂ ಬೆರೆಸಿ ಕೊಡುವುದೇ ಎಲ್ಲಕ್ಕಿಂತ ಕೆಟ್ಟದ್ದು. ಮನೆಗೆ ಹೋದ ಮೇಲೆ ಅತ್ತೆ ‘ಗುಟುಕು ಜೇನು ನೆಕ್ಕಿಸು, ಹಸುವಿನ ಹಾಲು ಹಾಕು’ ಅಂದಾಗ ಸೊಸೆ ಯಾವ ನೆಪ ಹೇಳಬೇಕು ಎಂಬುದನ್ನು ಸಮಾಲೋಚಕರು ಬಿಡುಗಡೆಗೆ ಮುಂಚೆಯೇ ಮಾತಾಡಿಟ್ಟರೆ ಒಳ್ಳೆಯದು. ಖಾಸಗಿ ನರ್ಸಿಂಗ್ ಹೋಮುಗಳಲ್ಲಿ ಒಂಬತ್ತು ತಿಂಗಳು ನೋಡಿ ನೋವು ಬಂದ ಹೊತ್ತಿಗೆ ಜಿಲ್ಲಾಸ್ಪತ್ರೆಗೆ ಅಟ್ಟುವುದು ಈಗಲೂ ಇದೆ. ಏಳನೇ ತಿಂಗಳಲ್ಲೇ ‘ಹೆರಿಗೆ ನೀವೇ ಮಾಡುತ್ತೀರಾ’ ಎಂದು ಕೇಳಿ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಜೊತೆಗೆ ಸರಕಾರಿ ಆಸ್ಪತ್ರೆಯ ದಾರಿಯನ್ನೂ ಇಟ್ಟುಕೊಂಡಿರಿ.

ದೂರು: ಕಾಗದದ ಮೇಲೆ ಐದು, ನಡೆಯುವಲ್ಲಿ ಎರಡು

ಕಾಯ್ದೆ ಬಂದದ್ದು 2017ರಲ್ಲಿ, ಜಾರಿಯಾದದ್ದು 2018ರ ಸೆಪ್ಟೆಂಬರ್ 10ರಂದು. 20 ಅಥವಾ ಹೆಚ್ಚು ಜನ ಕೆಲಸ ಮಾಡುವ ಪ್ರತಿ ಆಸ್ಪತ್ರೆಯೂ ಒಬ್ಬ ದೂರು ಅಧಿಕಾರಿಯನ್ನು ನೇಮಿಸಬೇಕು. ರಾಜ್ಯ ಸರಕಾರ ಇಂಥ ದೂರು ವಿಚಾರಿಸುವ ಓಂಬುಡ್ಸ್‌ಮನ್‌ರನ್ನು ನೇಮಿಸಬೇಕು, ಅವರು 30 ದಿನದೊಳಗೆ, ತುರ್ತು ವೈದ್ಯಕೀಯ ಸಂದರ್ಭವಾದರೆ ಸಾಧ್ಯವಾದಷ್ಟೂ 24 ಗಂಟೆಯೊಳಗೆ ಆದೇಶ ಮಾಡಬೇಕು. ಆದೇಶ ಪಾಲಿಸದಿದ್ದರೆ 10,000 ರೂಪಾಯಿವರೆಗೆ ದಂಡ, ಆಮೇಲೂ ಪಾಲಿಸದ ಪ್ರತಿ ದಿನಕ್ಕೆ 5,000ದವರೆಗೆ. ಮಧ್ಯಮ ಗಾತ್ರದ ಆಸ್ಪತ್ರೆಗೆ ಈ ದಂಡ ಒಂದು ದಿನದ ಎಕ್ಸ್‌ರೇ ವ್ಯಾಪಾರ. ನ್ಯಾಯಾಲಯಕ್ಕೆ ಹೋದರೆ ಹೆಸರು ಮುಚ್ಚಿಟ್ಟು ವಿಚಾರಣೆ ನಡೆಸಲು ಸೆಕ್ಷನ್ 34ರಲ್ಲಿ ದಾರಿಯಿದೆ, ಇಂಥ ಮೊಕದ್ದಮೆಗಳಿಗೆ ಆದ್ಯತೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರಿನಲ್ಲಿ ನೆನಪಿಸಿದೆ. ರಕ್ತ ಕೊಡಿಸುವಾಗಿನ ನಿರ್ಲಕ್ಷ್ಯದಿಂದ ಸೋಂಕು ತಗಲಿದ ವಾಯುಪಡೆಯ ಮಾಜಿ ಸಿಬ್ಬಂದಿಗೆ ಒಂದೂವರೆ ಕೋಟಿಗೂ ಮಿಕ್ಕಿ ಪರಿಹಾರ ಕೊಡಿಸಿದ ತೀರ್ಪು ಅದು.

ಅಂಕ ಎರಡಕ್ಕೆ ಇಳಿಯಲು ಕಾರಣ, ನಿರಾಕರಣೆ ಯಾವಾಗಲೂ ಬಾಯಿಮಾತಿನದ್ದು. ಸಾಕ್ಷಿಯಿಲ್ಲ. ಆದ್ದರಿಂದ ಕೌಂಟರಿನಲ್ಲಿ ಜಗಳ ಮಾಡುವುದಕ್ಕಿಂತ ‘ಬೇರೆ ಕಡೆ ಹೋಗಿ ಅಂತಿದೀರಲ್ಲ ಸಾರ್, ಯಾಕೆ ಅಂತ ಇದೇ ಚೀಟಿಯಲ್ಲಿ ಬರೆದುಕೊಡಿ’ ಎಂದು ಕೇಳುವುದು ಹೆಚ್ಚು ಫಲ ಕೊಡುತ್ತದೆ. ಬರೆಯಲು ಕೂತಾಗ ಕೆಲವೊಮ್ಮೆ ಹಾಸಿಗೆ ಸಿಕ್ಕಿಬಿಡುತ್ತದೆ. ‘ಸೌಲಭ್ಯವಿಲ್ಲ’ ಎಂದು ಬರೆದರೆ, ಅದೇ ಆಪರೇಷನ್ ಅಲ್ಲಿ ಬೇರೆಯವರಿಗೆ ನಡೆಯುತ್ತಿದೆ ಎಂಬುದೇ ನಿಮ್ಮ ದೂರಿನ ಜೀವಾಳ. ದೂರಿನಲ್ಲಿ ಬೇಕಾದದ್ದು: ತಾರೀಖು, ಹೊತ್ತು, ವಿಭಾಗ, ಓಪಿಡಿ ಸಂಖ್ಯೆ, ಯಾವ ಚಿಕಿತ್ಸೆ ಕೇಳಿದಿರಿ, ಅವರು ಆಡಿದ ಮಾತು ಆಡಿದ ಹಾಗೇ, ಪಕ್ಕದಲ್ಲಿದ್ದವರು ಯಾರು. ರೆಫರಲ್ ಚೀಟಿ, ಬಿಲ್, ಸ್ಟಿಕ್ಕರಿದ್ದ ಕೇಸ್ ಶೀಟಿನ ಫೋಟೋ ಲಗತ್ತಿಸಿ. ಭಾವನೆಯ ಮಾತು ಎರಡು ಸಾಲಿಗಿಂತ ಹೆಚ್ಚು ಬೇಡ, ಓದುವ ಅಧಿಕಾರಿ ಹುಡುಕುವುದು ಓಪಿಡಿ ಸಂಖ್ಯೆಯನ್ನು.

ಆ ದೂರನ್ನು ಮೊದಲು ಆಸ್ಪತ್ರೆಯ ದೂರು ಅಧಿಕಾರಿಗೆ ಕೊಟ್ಟು ನಕಲಿನ ಮೇಲೆ ಸೀಲು ಹಾಕಿಸಿ. ದೂರು ಅಧಿಕಾರಿ ಯಾರೆಂದೇ ಅವರಿಗೆ ಗೊತ್ತಿಲ್ಲವಾದರೆ ಅದನ್ನೂ ಒಂದು ಸಾಲು ಸೇರಿಸಿ ವೈದ್ಯಕೀಯ ಅಧೀಕ್ಷಕರಿಗೆ ಕೊಡಿ. ಅಲ್ಲಿಂದ ಓಂಬುಡ್ಸ್‌ಮನ್, ಜೊತೆಗೆ ಒಂದು ಪ್ರತಿ ಕೆಸ್ಯಾಪ್ಸ್‌ಗೆ, ಅಂದರೆ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿಗೆ. ಖಾಸಗಿ ಆಸ್ಪತ್ರೆಯಾದರೆ ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರ ಇನ್ನೂ ಹತ್ತಿರದ ದಾರಿ, ಏಕೆಂದರೆ ಆಸ್ಪತ್ರೆಯ ನೋಂದಣಿ ಅವರ ಕೈಯಲ್ಲಿದೆ. ಹತ್ತು ಸಾವಿರದ ದಂಡಕ್ಕೆ ಅಲುಗದವರು ನೋಂದಣಿ ಎಂದರೆ ಎದ್ದು ಕೂರುತ್ತಾರೆ. ಯಾವುದನ್ನು ಎಲ್ಲಿಗೆ ಕೊಡಬೇಕೆಂದು ಗೊಂದಲವಾದರೆ 1097 ಉಚಿತ ಸಹಾಯವಾಣಿಗೆ ಕನ್ನಡದಲ್ಲೇ ಕೇಳಬಹುದು, ಹೆಸರು ಹೇಳಬೇಕಿಲ್ಲ.

ಅಪಘಾತ, ಹೆರಿಗೆ ನೋವು, ಎದೆನೋವಿನಂಥ ತುರ್ತಿನಲ್ಲಿ ಈ ಯಾವುದನ್ನೂ ಆಗಲೇ ಶುರುಮಾಡಬೇಡಿ. ತುರ್ತು ಚಿಕಿತ್ಸೆ ಕೊಟ್ಟು ಸ್ಥಿರಗೊಳಿಸುವುದು ಮುಂಗಡ ಹಣವಿಲ್ಲದಿದ್ದರೂ ಖಾಸಗಿ ಆಸ್ಪತ್ರೆಯ ಕರ್ತವ್ಯ ಎಂದಷ್ಟೇ ಹೇಳಿ, ಎಆರ್‌ಟಿ ಕೇಂದ್ರದ ವೈದ್ಯಾಧಿಕಾರಿಗೋ ಸಮಾಲೋಚಕರಿಗೋ ಅಲ್ಲಿಂದಲೇ ಫೋನು ಹಚ್ಚಿ ಕರ್ತವ್ಯದ ಮೇಲಿರುವ ಡಾಕ್ಟರ ಕೈಗೆ ಕೊಡಿ. ಒಬ್ಬ ಡಾಕ್ಟರು ಇನ್ನೊಬ್ಬ ಡಾಕ್ಟರಿಗೆ ‘ಲೋಡ್ ಸೊನ್ನೆ ಇದೆ, ಮಾಮೂಲು ಎಚ್ಚರಿಕೆ ಸಾಕು’ ಎಂದು ಹೇಳಿದರೆ ಕಾಯ್ದೆಯ ಸೆಕ್ಷನ್ ಓದಿ ಹೇಳುವುದಕ್ಕಿಂತ ಬೇಗ ಸ್ಟ್ರೆಚರ್ ಒಳಗೆ ಹೋಗುತ್ತದೆ. ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ದೂರು ಬರೆಯಲು ಸಮಯವಿರುತ್ತದೆ.